ಬೆನ್ ಲೀ ಗುಡ್ಡ ಕೈತಪ್ಪಿದಾಗ: ಸ್ಕೈ ದ್ವೀಪದ ಬ್ರೇಸ್ ಒಕ್ಕಲುಗಳ ಪ್ರಕರಣ, 1865–1886

1883ರ ಮೇ 8ರಂದು ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ, ಬ್ರೇಸ್ ಎಂಬ ಕಡಲಂಚಿನ ಊರಲ್ಲಿ, ಸರ್ಕಾರದ ಆಯೋಗವೊಂದು ವಿಚಾರಣೆಗೆ ಕೂತಿತು. ಮೊದಲ ಸಾಕ್ಷಿ ಆಂಗಸ್ ಸ್ಟೀವರ್ಟ್. ಪೆನ್‌ಖೋರನ್ ಹಳ್ಳಿಯ ರೈತನ ಮಗ, ವಯಸ್ಸು 40ರ ಆಸುಪಾಸು. ನಿಮ್ಮ ಕಷ್ಟ ಏನು ಅಂತ ಕೇಳಿದರೆ ಆತ ಕಷ್ಟ ಹೇಳಲಿಲ್ಲ. ಮೊದಲು ಒಂದು ಮಾತು ಕೊಡಿ ಅಂದ. ಇಲ್ಲಿ ನಿಜ ಹೇಳಿದ್ದಕ್ಕೆ ನನ್ನನ್ನು ಒಕ್ಕಲೆಬ್ಬಿಸಬಾರದು, ಹಾಗೆ ಆಗಿದ್ದನ್ನು ನೋಡಿದ್ದೇನೆ ಅಂದ. ಅವನ ಮಾತು ಗೇಲಿಕ್ ಭಾಷೆಯಲ್ಲಿ, ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದ. ಅಂಥ ಭರವಸೆ ಕೊಡುವ ಅಧಿಕಾರ ಆಯೋಗಕ್ಕೇ ಇರಲಿಲ್ಲ. ಕೊನೆಗೆ, ಅಲ್ಲೇ ಇದ್ದ ಎಸ್ಟೇಟಿನ, ಅಂದರೆ ಆ ಊರುಗಳ ಭೂಮಿಯ ಒಡೆಯನ, ಪಾರುಪತ್ಯಗಾರ ಮಾತು ಕೊಟ್ಟ ಮೇಲೆ ಸ್ಟೀವರ್ಟ್ ಬಾಯಿ ಬಿಟ್ಟ.

ನಮ್ಮ ಮುಖ್ಯ ದೂರು ಬಡತನ, ಮತ್ತು ಆ ಬಡತನ ಯಾಕೆ ಬಂತು ಅನ್ನೋದು. ಅವನ ಮಾತಿನ ಸಾರ ಇಷ್ಟು. ಜಮೀನು ತೀರ ಸಣ್ಣದು, ಮಣ್ಣು ಸತ್ವವಿಲ್ಲದ್ದು, ಒಳ್ಳೆ ನೆಲವೆಲ್ಲ ದೊಡ್ಡ ಕುರಿ ಫಾರಂಗಳಿಗೂ ಜಿಂಕೆ ಬೇಟೆಯ ಕಾಡಿಗೂ ಹೋಗಿದೆ ಅಂತ ಅವನು ವಿವರಿಸಿದ.

ವಿಕ್ಟೋರಿಯಾ ರಾಣಿಯ ಕಾಲದ ಸ್ಕಾಟಿಷ್ ಫಾರಂ ಅಂದರೆ ಜಾಸ್ತಿ ಜನರಿಗೆ ಕಲ್ಲಿನ ಅಂದದ ಮನೆ, ಬಲವಾದ ಕುದುರೆ, ಚೀಸ್ ಮಾಡುವ ಹೆಂಗಸರು ಕಣ್ಣ ಮುಂದೆ ಬರುತ್ತಾರೆ. ತಗ್ಗುನಾಡಿನಲ್ಲಿ ಅಂಥವೂ ಇದ್ದವು, ಸುಳ್ಳಲ್ಲ. ಆದರೆ ಅದೇ ದೇಶದ ಪಡುವಣ ಕರಾವಳಿಯಲ್ಲಿ ಸಾವಿರಾರು ಕುಟುಂಬಗಳು ಬೇರೆಯೇ ತರಹದ ಜಮೀನಿನ ಮೇಲೆ ಬದುಕುತ್ತಿದ್ದವು. ಅದನ್ನು ಕ್ರಾಫ್ಟ್ ಅಂತಾರೆ, ಅದನ್ನು ಗೇಣಿಗೆ ಮಾಡುವವರು ಕ್ರಾಫ್ಟರುಗಳು. ಅವರ ದಿನದಿನದ ಬದುಕು ಹೇಗಿತ್ತು ಅಂತ ತಿಳಿಯಬೇಕಾದರೆ ಬ್ರೇಸ್‌ನ ಪ್ರಕರಣಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಇಲ್ಲಿ ಒಂದೇ ಒಂದು ಗುಡ್ಡ ಕೈತಪ್ಪಿತು. ಅದರ ಜೊತೆಗೆ ಹಾಲು, ಗೊಬ್ಬರ, ಮಕ್ಕಳ ಓದು, ಹೆಂಗಸರ ನಿದ್ದೆ, ಹೀಗೆ ಏನೆಲ್ಲ ಹೋಯಿತು ಅಂತ ನೋಡುತ್ತಾ ಹೋದರೆ ಆ ಮನೆಗಳ ಒಳಗೇ ಹೊಕ್ಕಂತೆ ಆಗುತ್ತದೆ.

ಊರು ಮತ್ತು ಗುಡ್ಡ

ಬ್ರೇಸ್ ಅಂದರೆ ಒಂದೇ ಊರಲ್ಲ. ಗೆಡಿನ್‌ಟೇಲರ್, ಬಾಲ್ಮೇನಾಕ್, ಪೆನ್‌ಖೋರನ್ ಎಂಬ ಮೂರು ಹಳ್ಳಿಗಳು ಈ ಪ್ರಕರಣಕ್ಕೆ ಮುಖ್ಯ. ದ್ವೀಪದ ಪೇಟೆ ಪೋರ್ಟ್ರೀಯಿಂದ ದಕ್ಷಿಣಕ್ಕೆ, ಕಡಲ ದಂಡೆ ಹಿಡಿದು ನಡೆದರೆ ಹತ್ತು ಹನ್ನೆರಡು ಕಿಲೋಮೀಟರ್. ಎದುರಿಗೆ ಕಡಲ ಆಚೆ ರಾಸೆ ದ್ವೀಪ. ಬೆನ್ನಿಗೆ ಬೆನ್ ಲೀ ಗುಡ್ಡ, ಎತ್ತರ ಸುಮಾರು 440 ಮೀಟರ್. ಕಡಲಿಗೂ ಗುಡ್ಡಕ್ಕೂ ನಡುವಿನ ಇಳಿಜಾರಿನಲ್ಲಿ ಪಟ್ಟಿಪಟ್ಟಿಯಾಗಿ ಹೊಲಗಳು. ಒಡೆಯ ಲಾರ್ಡ್ ಮ್ಯಾಕ್‌ಡೊನಾಲ್ಡ್.

ಒಬ್ಬ ಕ್ರಾಫ್ಟರನ ಹತ್ತಿರ ಎರಡು ತರಹದ ನೆಲ ಇರುತ್ತಿತ್ತು. ಒಂದು, ಅವನೇ ಗೇಯುವ ಚೂರು ಹೊಲ. ಇನ್ನೊಂದು, ಊರಿಗೆಲ್ಲ ಸೇರಿದ ಮೇವಿನ ಗುಡ್ಡದಲ್ಲಿ ಪಾಲು. ನಾವು ಗೋಮಾಳ ಅಂತೀವಲ್ಲ, ಆ ತರಹ. ಆದರೆ ಯಾರು ಎಷ್ಟು ದನ ಬಿಡಬಹುದು ಅನ್ನೋದಕ್ಕೆ ಕಟ್ಟುನಿಟ್ಟಾದ ಲೆಕ್ಕ ಇತ್ತು. ಆ ಲೆಕ್ಕಕ್ಕೆ ಸೂಮಿಂಗ್ ಅಂತ ಹೆಸರು. ಒಂದು ಹಸುವಿನ ಬದಲಿಗೆ ಇಷ್ಟು ಕುರಿ, ಒಂದು ಕುದುರೆಯ ಬದಲಿಗೆ ಇಷ್ಟು ಹಸು ಅಂತ ಊರೂರಿಗೂ ನಿಗದಿ ಇರುತ್ತಿತ್ತು. ಬಡವ ತನ್ನ ಪಾಲಿನ ಮೇವನ್ನು ನೆರೆಯವನಿಗೆ ಬಿಟ್ಟುಕೊಟ್ಟು ಏನಾದರೂ ಪಡೆಯಬಹುದಿತ್ತು. ಓದು ಬಾರದ ಹಳ್ಳಿಗರು ತಲೆಮಾರುಗಟ್ಟಲೆ ಬಾಯಿಲೆಕ್ಕದಲ್ಲೇ ನಡೆಸಿಕೊಂಡು ಬಂದ ಈ ವ್ಯವಸ್ಥೆ ನನಗೆ ಬಹಳ ಹಿಡಿಸುತ್ತದೆ.

ಗುಡ್ಡದ ಉಪಯೋಗ ಬರೀ ಹುಲ್ಲಲ್ಲ. ಹೊಲಗಳಿಗೆ ಬೇಲಿ ಇರಲಿಲ್ಲ ಅನ್ನೋದು ಇಲ್ಲಿ ನೆನಪಿಡಬೇಕು. ಬಿತ್ತನೆ ಆದ ಕೂಡಲೇ ದನಕುರಿಯನ್ನು ಗುಡ್ಡಕ್ಕೆ ಅಟ್ಟಿದರೆ ಪೈರು ಉಳಿಯಿತು. ಕೊಯ್ಲು ಮುಗಿದ ಮೇಲೆ ಅವು ಕೆಳಗೆ ಬಂದು ಕೂಳೆ ಮೇಯುತ್ತಾ ಹೊಲದಲ್ಲೇ ಸಗಣಿ ಹಾಕುತ್ತವೆ. ಅಂದರೆ ಗುಡ್ಡವೇ ಪೈರಿನ ಬೇಲಿ.

ಮನೆ

ಬ್ರೇಸ್‌ನಂಥ ಊರಿನ ಯಾವುದೇ ಮನೆ ತಗೊಳ್ಳಿ. ಗಾರೆ ಇಲ್ಲದೆ ಜೋಡಿಸಿದ ಕಲ್ಲಿನ ದಪ್ಪ ಗೋಡೆ. ಮೇಲೆ ಹುಲ್ಲಿನ ಸೂರು. ಕಡಲ ಗಾಳಿಗೆ ಸೂರು ಹಾರಿಹೋಗದ ಹಾಗೆ ಅದರ ಮೇಲೆ ಹಗ್ಗ ಹಾಯಿಸಿ, ಹಗ್ಗದ ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟಿರುತ್ತಾರೆ. ಒಳಗೆ ಮಣ್ಣಿನ ನೆಲ. ನಡುವೆ ಬೆಂಕಿ. ಹಳೆಯ ಮನೆಗಳಲ್ಲಿ ಚಿಮಣಿ ಇಲ್ಲ, ಹೊಗೆ ಸೂರಿನ ಸಂದಿಯಲ್ಲೇ ದಾರಿ ಹುಡುಕಿಕೊಳ್ಳಬೇಕು. ಒಂದು ತುದಿಯಲ್ಲಿ ಜನ, ಇನ್ನೊಂದು ತುದಿಯಲ್ಲಿ ಹಸು. ಎಷ್ಟೋ ಕಡೆ ಎರಡಕ್ಕೂ ಒಂದೇ ಬಾಗಿಲು.

ಇದನ್ನು ನೋಡಿದ ಪೇಟೆಯವರು ಮೂಗು ಮುಚ್ಚಿಕೊಂಡು, ಕೊಳಕು ಜನ ಅಂತ ಬರೆದು ಹೋದರು. ಅವರು ಸರಿಯಾಗಿ ನೋಡಲಿಲ್ಲ. ಚಳಿಗಾಲದಲ್ಲಿ ಅಲ್ಲಿ ಹಗಲು ಆರೇಳು ಗಂಟೆ ಮಾತ್ರ. ಮಳೆ, ಗಾಳಿ ನಿಲ್ಲುವುದೇ ಇಲ್ಲ. ಒಂದೇ ಸೂರಿನಡಿ ಹಸುವಿದ್ದರೆ ಅದರ ಮೈ ಕಾವು ಮನೆಗೂ ಸಿಗುತ್ತದೆ, ಹಾಲು ಕರೆಯಲು ಬಿರುಗಾಳಿಯಲ್ಲಿ ಹೊರಗೆ ಹೋಗುವುದು ತಪ್ಪುತ್ತದೆ. ಕೊಟ್ಟಿಗೆಯ ಸಗಣಿಯನ್ನು ಚಳಿಗಾಲ ಪೂರ್ತಿ ಅಲ್ಲೇ ಕೂಡಿಟ್ಟು, ವಸಂತ ಬಂದಾಗ ಹೊಲಕ್ಕೆ ಹೊರುತ್ತಿದ್ದರು. ಹೊಗೆ ಕುಡಿದು ಕಪ್ಪಾದ ಹಳೆ ಸೂರಿನ ಹುಲ್ಲೂ ಆಲೂಗಡ್ಡೆ ಮಡಿಗೆ ಗೊಬ್ಬರ. ಆ ಮನೆಯಲ್ಲಿ ಬಿಸಾಡುವ ವಸ್ತುವೇ ಇರಲಿಲ್ಲ.

ಉರುವಲು ಪೀಟ್. ಜೌಗು ನೆಲದಲ್ಲಿ ಸಾವಿರಾರು ವರ್ಷದ ಪಾಚಿ, ಗಿಡಗಂಟಿ ಅರೆಬರೆ ಕೊಳೆತು ಕೂತ ಕಪ್ಪು ಪದರ ಅದು. ಮೇ ತಿಂಗಳ ಸುಮಾರಿಗೆ ಉದ್ದನೆ ಹಿಡಿಯ ಗುದ್ದಲಿಯಿಂದ ಇಟ್ಟಿಗೆಯ ಹಾಗೆ ಕತ್ತರಿಸಿ, ಹರವಿ, ಆಮೇಲೆ ಸಣ್ಣ ಗೂಡುಗಳಾಗಿ ನಿಲ್ಲಿಸಿ ಒಣಗಿಸುತ್ತಾರೆ. ಬೆರಣಿ ತಟ್ಟಿ ಒಣಗಿಸುವವರಿಗೆ ಈ ಕೆಲಸದ ತಾಳ್ಮೆ ಗೊತ್ತಿರುತ್ತದೆ. ಒಣಗಿದ್ದನ್ನು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಮನೆಗೆ ತರುವುದು ಹೆಚ್ಚಾಗಿ ಹೆಂಗಸರ ಪಾಲು. ಬೆನ್ನ ಮೇಲೆ ಪೀಟ್ ಹೊರೆ, ಕೈಯಲ್ಲಿ ಕಾಲುಚೀಲದ ಹೆಣಿಗೆ. ನಡೆಯುತ್ತಲೇ ಹೆಣೆಯುತ್ತಿದ್ದರು. ದಾರಿಯ ಹೊತ್ತೂ ದಂಡವಾಗಬಾರದಲ್ವಾ? ಮಕ್ಕಳು ಶಾಲೆಗೆ ಹೋಗುವಾಗ ಅಲ್ಲಿನ ಒಲೆಗೆ ಅಂತ ಒಂದೊಂದು ಪೀಟ್ ತುಂಡು ಒಯ್ಯುತ್ತಿದ್ದರು. 1872ರ ಕಾಯ್ದೆ ಶಾಲೆಯನ್ನು ಕಡ್ಡಾಯ ಮಾಡಿತು, ಆದರೆ ಪಾಠ ಇಂಗ್ಲಿಷಿನಲ್ಲಿ. ಮನೆಯಲ್ಲಿ ಆಡುವ ಗೇಲಿಕ್‌ಗೆ ಆ ಕಾಯ್ದೆಯಲ್ಲಿ ಜಾಗವೇ ಇರಲಿಲ್ಲ.

ಹೊಲದ ಕೆಲಸಕ್ಕೆ ನೇಗಿಲು, ಕುದುರೆ ಎಲ್ಲರಿಗೂ ಇರಲಿಲ್ಲ. ಇದ್ದರೂ ಆ ಕಲ್ಲು ಇಳಿಜಾರಿನಲ್ಲಿ ತಿರುಗಿಸಲು ಜಾಗ ಇರಲಿಲ್ಲ. ಅದಕ್ಕೇ ಕಾಸ್ ಕ್ರೋಮ್. ಗೇಲಿಕ್‌ನಲ್ಲಿ ಸೊಟ್ಟಗಾಲು ಅಂತ ಅರ್ಥ. ಆಳೆತ್ತರದ ಮರದ ಹಿಡಿ, ಕೆಳಗೆ ಬಾಗಿದ ಪಾದ, ಪಾದದ ತುದಿಗೆ ಕಬ್ಬಿಣ. ಬಾಗಿದ ಕಡೆ ಒಂದು ಗೂಟ. ಬಲಗಾಲನ್ನು ಗೂಟದ ಮೇಲಿಟ್ಟು ಒತ್ತಿದರೆ ಕಬ್ಬಿಣ ಮಣ್ಣಿಗೆ ಇಳಿಯುತ್ತದೆ, ಹಿಡಿಯನ್ನು ಪಕ್ಕಕ್ಕೆ ಹೊರಳಿಸಿದರೆ ಹೆಂಟೆ ಮಗುಚಿ ಬೀಳುತ್ತದೆ. ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಅದೇ. ಮುಂದೆ ನಡೆಯುವ ಉಳುಮೆ ಅಲ್ಲ ಇದು, ಹಿಂದೆ ಹಿಂದೆ ಸರಿಯುವ ಉಳುಮೆ. ದೊಡ್ಡ ಕಲ್ಲು ಸಿಕ್ಕರೆ ಅದೇ ಹಿಡಿ ಸನಿಕೆಯಾಗಿ ಕಲ್ಲನ್ನು ಮೀಟುತ್ತದೆ. ತೆಳು ಮಣ್ಣನ್ನು ಹೀಗೆ ಕೆರೆದು ಕೂಡಿಸಿ ಎತ್ತರದ ಏರುಮಡಿ ಮಾಡುತ್ತಿದ್ದರು. ಕಡಲ ಪಾಚಿಯನ್ನು ದಂಡೆಯಿಂದ ಬುಟ್ಟಿಗಟ್ಟಲೆ ಹೊತ್ತು ತಂದು, ಸಗಣಿಯ ಜೊತೆ ಮಡಿಗೆ ಹಾಸಿ, ಆಲೂಗಡ್ಡೆ ನೆಡುತ್ತಿದ್ದರು. ಮಿಕ್ಕಲ್ಲಿ ಓಟ್ಸ್ ಮತ್ತು ಬಾರ್ಲಿ. ಹರಗುವ ಹಲುಬೆಯನ್ನು ಎಳೆಯಲು ಕುದುರೆ ಇಲ್ಲದ ಮನೆಯಲ್ಲಿ ಹೆಂಗಸರೇ ಎಳೆಯುತ್ತಿದ್ದರು. ಆ ಕಾಲದ ಚಿತ್ರಗಳೂ ವರದಿಗಳೂ ಇದನ್ನು ತೋರಿಸುತ್ತವೆ.

ಊಟ ಆಲೂಗಡ್ಡೆ, ಉಪ್ಪು ಹಾಕಿದ ಹೆರಿಂಗ್ ಮೀನು, ಓಟ್ಸ್ ಗಂಜಿ, ಇದ್ದರೆ ಹಾಲು. ಹೆರಿಂಗ್ ನಮ್ಮ ಕರಾವಳಿಯ ಬೂತಾಯಿಯ ಕುಲದ್ದೇ ಮೀನು. ಹಾಲಿದ್ದ ಮನೆಯಲ್ಲಿ ಮಕ್ಕಳ ಗಂಜಿಗೆ ರುಚಿ, ಇಲ್ಲದ ಮನೆಯಲ್ಲಿ ಬರೀ ಗಂಜಿ. ಕರು ಮಾರಿದ ದುಡ್ಡು ಗೇಣಿಗೆ. ಕುರಿಯ ಉಣ್ಣೆ ಮೈಗೆ ಬಟ್ಟೆ. ನೂತು, ಬಣ್ಣ ಕಟ್ಟಿ, ನೇಯ್ದ ಬಟ್ಟೆಯನ್ನು ಹೆಂಗಸರು ಹಲಗೆಯ ಸುತ್ತ ಕೂತು, ನೆನೆಸಿ, ಹಾಡಿನ ತಾಳಕ್ಕೆ ಸರಿಯಾಗಿ ಕುಟ್ಟಿ ಗಟ್ಟಿ ಮಾಡುತ್ತಿದ್ದರು. ಭಾನುವಾರ ಮಾತ್ರ ಎಲ್ಲ ಕೆಲಸವೂ ನಿಲ್ಲಬೇಕು. ಆ ದಿನದ ನೀರು, ಉರುವಲು ಶನಿವಾರವೇ ಒಳಗೆ ಬಂದಿರಬೇಕು.

ಇಷ್ಟೆಲ್ಲ ಮಾಡಿದರೂ ಹೊಲವೊಂದರಿಂದಲೇ ವರ್ಷ ಕಳೆಯುತ್ತಿರಲಿಲ್ಲ. ಬೇಸಿಗೆಯಲ್ಲಿ ಗಂಡಸರು ಸ್ಕಾಟ್ಲೆಂಡಿನ ಮೂಡಣ ಕರಾವಳಿಗೆ ಹೆರಿಂಗ್ ಹಿಡಿಯಲು ಹೋಗುತ್ತಿದ್ದರು. ಹುಡುಗಿಯರು ಮೀನು ಸೀಳಿ ಉಪ್ಪು ತುಂಬುವ ಕೆಲಸಕ್ಕೋ ತಗ್ಗುನಾಡಿನ ಕೊಯ್ಲಿಗೋ ಹೋಗುತ್ತಿದ್ದರು. ಮನೆ, ಹೊಲ, ದನ ಎಲ್ಲ ಉಳಿದ ಹೆಂಗಸರು, ಮುದುಕರು, ಮಕ್ಕಳ ಮೇಲೆ. ಈ ಮಾತನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1865: ಗುಡ್ಡ ಹೋಯಿತು

ಆ ವರ್ಷ ಎಸ್ಟೇಟು ಬೆನ್ ಲೀಯನ್ನು ಹಳ್ಳಿಗಳಿಂದ ಬಿಡಿಸಿ ಒಬ್ಬ ಕುರಿ ಗುತ್ತಿಗೆದಾರನಿಗೆ ಕೊಟ್ಟಿತು. ಗುಡ್ಡ ಹೋದರೂ ನಮ್ಮ ಗೇಣಿ ಇಳಿಯಲಿಲ್ಲ ಅನ್ನೋದು ಜನರ ದೂರು. ಗುಡ್ಡದ ಮೇಲೆ ನಿಮಗೆ ಹಕ್ಕೇ ಇರಲಿಲ್ಲ, ಮೇಯಿಸಲು ಸುಮ್ನೆ ಬಿಟ್ಟಿದ್ದೆವು ಅನ್ನೋದು ಎಸ್ಟೇಟಿನ ವಾದ. ಕಾಗದದ ಮೇಲೆ ಎಸ್ಟೇಟಿನ ಮಾತೇ ಗಟ್ಟಿ. ಯಾಕೆಂದರೆ ಕ್ರಾಫ್ಟರ್ ವರ್ಷದಿಂದ ವರ್ಷಕ್ಕೆ ಇರುವ ಗೇಣಿದಾರ. ಅವನ ಹತ್ತಿರ ಪತ್ರ ಇಲ್ಲ. ಅವನೇ ಕಲ್ಲು ಹೊತ್ತು ಕಟ್ಟಿದ ಮನೆಯೂ ಕಾನೂನಿನಲ್ಲಿ ಒಡೆಯನದೇ. ಎಬ್ಬಿಸಿದರೆ ಒಂದು ಪೆನ್ನಿ ಪರಿಹಾರ ಇಲ್ಲ.

ಗುಡ್ಡ ಹೋದ ಮೇಲೆ ಮನೆಯ ಲೆಕ್ಕ ಹೇಗೆ ಬದಲಾಗುತ್ತದೆ ಅಂತ ನೋಡಿ. ಬೇಸಿಗೆಯ ಮೇವು ಇಲ್ಲ ಅಂದರೆ ದನ ಕಮ್ಮಿ ಮಾಡಬೇಕು. ದನ ಕಮ್ಮಿಯಾದರೆ ಹಾಲು ಕಮ್ಮಿ, ಮಾರಲು ಕರು ಕಮ್ಮಿ. ಸಗಣಿ ಕಮ್ಮಿಯಾದರೆ ಆಲೂಗಡ್ಡೆ ಇಳುವರಿ ಕಮ್ಮಿ. ಇಳುವರಿ ಇಳಿದರೆ ಅಂಗಡಿಯಿಂದ ಹಿಟ್ಟು ತರಬೇಕು, ಅದೂ ಸಾಲಕ್ಕೆ. ಸಾಲ ತೀರಿಸಲು ಇನ್ನೊಬ್ಬ ಮಗನೂ ಮೀನು ಹಿಡಿಯಲು ಹೊರಡಬೇಕು. ಅವನು ಹೊರಟರೆ ಕಾಸ್ ಕ್ರೋಮ್ ಒತ್ತುವ ಕಾಲು ಒಂದು ಕಮ್ಮಿ.

ಉಳಿದ ದನಗಳ ಕತೆ ಇನ್ನೂ ಕಷ್ಟ. ಮೊದಲು ಗುಡ್ಡದಲ್ಲಿ ಇರುತ್ತಿದ್ದ ಅವು ಈಗ ಬೇಸಿಗೆಯಿಡೀ ಬೇಲಿಯಿಲ್ಲದ ಪೈರಿನ ಪಕ್ಕದಲ್ಲೇ. ಯಾರಾದರೂ ದಿನವಿಡೀ ಕಾಯಬೇಕು. ಆ ದೇಶದ ಬೇಸಿಗೆಯಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ, ಬೆಳಗಿನ ಜಾವ ಬೇಗ ಮತ್ತೆ ಬೆಳಕು. ಇತ್ತ ತಿರುಗಿದರೆ ದನ ಓಟ್ಸ್‌ಗೆ ಬಾಯಿ ಹಾಕುತ್ತದೆ, ಅತ್ತ ತಿರುಗಿದರೆ ಗುತ್ತಿಗೆದಾರನ ಗುಡ್ಡಕ್ಕೆ ಹತ್ತುತ್ತದೆ. ಹತ್ತಿದರೆ ಜಗಳ. ಈ ಕಾಯುವ ಕೆಲಸ ಬಿದ್ದದ್ದು ಹೆಂಗಸರು ಮತ್ತು ಮಕ್ಕಳ ಮೇಲೆ. ಶಾಲೆಯ ಬೆಂಚು ಖಾಲಿ ಬೀಳಲು ಇದೂ ಒಂದು ಕಾರಣ.

ಹದಿನಾರು ವರ್ಷ ಯಾಕೆ ಸುಮ್ಮನಿದ್ದರು ಅಂತ ಕೇಳಬಹುದು. ಹೆದರಿಕೆ. 1846ರಿಂದ ಆಲೂಗಡ್ಡೆಗೆ ಬಿದ್ದ ಕೊಳೆರೋಗದ ಬರ ದೊಡ್ಡವರ ನೆನಪಲ್ಲಿ ಹಸಿಯಾಗಿತ್ತು. 1853ರಲ್ಲಿ ಇದೇ ಮ್ಯಾಕ್‌ಡೊನಾಲ್ಡ್ ಎಸ್ಟೇಟಿನ ಬೊರೆರೇಗ್, ಸೂಯಿಶ್ನಿಶ್ ಹಳ್ಳಿಗಳನ್ನು ಪೂರ್ತಿ ಖಾಲಿ ಮಾಡಿಸಿ ಕುರಿಗೆ ಬಿಟ್ಟಿದ್ದರು. ಆ ಮನೆಗಳ ಮೋಟು ಗೋಡೆಗಳು ಇವತ್ತಿಗೂ ನಿಂತಿವೆ. ಆಂಗಸ್ ಸ್ಟೀವರ್ಟ್ ಆಯೋಗದ ಮುಂದೆ ಮೊದಲು ಭರವಸೆ ಕೇಳಿದ್ದು ಸುಮ್ಮಸುಮ್ಮನೆ ಅಲ್ಲ.

ಕಲ್ಲು ಹಿಡಿದ ಏಪ್ರಿಲ್

ಬೆನ್ ಲೀಯ ಗುತ್ತಿಗೆ 1882ರ ವಿಟ್‌ಸನ್ ಗಡುವಿಗೆ, ಅಂದರೆ ಮೇ ತಿಂಗಳಿಗೆ, ಮುಗಿಯುವುದಿತ್ತು. ಆ ಹಿಂದಿನ ವರ್ಷಗಳಲ್ಲಿ ಎರಡು ಬದಲಾವಣೆ ಆಗಿದ್ದವು. ಬೆಳೆ ಕೈಕೊಟ್ಟು ಬಿರುಗಾಳಿಗೆ ದೋಣಿಗಳು ಹಾಳಾಗಿ ಜನ ನಿಜಕ್ಕೂ ಸೊರಗಿದ್ದರು. ಇನ್ನೊಂದು ಕಡೆ, ಸ್ಕೈ ದ್ವೀಪದ ಮೀನುಗಾರರು ಐರ್ಲೆಂಡಿನ ಕಿನ್ಸೇಲ್ ಬಂದರಿಗೆ ಹೋಗಿ ಬರುತ್ತಿದ್ದರು. ಅಲ್ಲಿ ರೈತರು ಗೇಣಿ ಕೊಡದೆ ಒಟ್ಟಾಗಿ ನಿಂತದ್ದು, 1881ರಲ್ಲಿ ಐರ್ಲೆಂಡಿಗೆ ಹೊಸ ಭೂ ಕಾಯ್ದೆ ಬಂದದ್ದು ಇವರ ಕಿವಿಗೆ ಬಿದ್ದಿತ್ತು. ಮೀನಿನ ಜೊತೆ ಸುದ್ದಿಯೂ ಬಂತು.

1881ರ ಕೊನೆಯಲ್ಲಿ ಮೂರು ಹಳ್ಳಿಯವರು ಅರ್ಜಿ ಹಾಕಿದರು: ಬೆನ್ ಲೀ ನಮಗೆ ವಾಪಸ್ ಕೊಡಿ. ಆಗಲ್ಲ ಅಂತ ಉತ್ತರ ಬಂತು. ಹಾಗಾದರೆ ಗುಡ್ಡ ಬರುವವರೆಗೂ ಗೇಣಿ ಇಲ್ಲ ಅಂದುಬಿಟ್ಟರು. ಎಸ್ಟೇಟು ಕೆಲವರನ್ನು ಆರಿಸಿ ಒಕ್ಕಲೆಬ್ಬಿಸುವ ನೋಟಿಸು ಹೊರಡಿಸಿತು. 1882ರ ಏಪ್ರಿಲ್ 7ರಂದು ಕೋರ್ಟಿನ ಅಮೀನ ನೋಟಿಸು ಹಿಡಿದು ಬಂದ. ಊರ ಬಾಯಲ್ಲಿ ಸುಮಾರು 150 ಜನ ಅಡ್ಡ ನಿಂತರು. ನೋಟಿಸುಗಳು ಅಲ್ಲೇ ಸುಟ್ಟು ಬೂದಿಯಾದವು.

ಕೋರ್ಟಿನ ಕಾಗದ ಸುಡುವುದು ಅಪರಾಧ. ಶೆರಿಫ್, ಅಂದರೆ ಆ ಸೀಮೆಯ ನ್ಯಾಯಾಧಿಕಾರಿ, ವಿಲಿಯಂ ಐವರಿ ಗ್ಲಾಸ್ಗೋದಿಂದ ಸುಮಾರು 50 ಪೊಲೀಸರನ್ನು ತರಿಸಿದ. ಏಪ್ರಿಲ್ 19ರ ಬೆಳಗಿನ ಜಾವ, ಮಳೆಯಲ್ಲೇ, ಪೋರ್ಟ್ರೀಯಿಂದ ಅವರು ನಡೆದು ಬಂದರು. ಊರು ಪೂರ್ತಿ ಎಚ್ಚರಾಗುವ ಮೊದಲೇ ಐದು ಜನರನ್ನು ಹಿಡಿದರು. ಕಷ್ಟ ಬಂದದ್ದು ವಾಪಸ್ ಹೋಗುವಾಗ. ದಾರಿಯಲ್ಲಿ ಅನ್ ಕೂವಂಗ್ ಅಂತ ಒಂದು ಜಾಗ. ಹೆಸರಿನ ಅರ್ಥವೇ ಇಕ್ಕಟ್ಟು. ಒಂದು ಬದಿ ಕಡಿದಾದ ಗುಡ್ಡ, ಇನ್ನೊಂದು ಬದಿ ಕೆಳಗೆ ಕಡಲು. ಗಂಡಸರು, ಹೆಂಗಸರು, ಮಕ್ಕಳು ಮೇಲೆ ನಿಂತು ಕಲ್ಲಿನ ಮಳೆ ಸುರಿಸಿದರು. ಪೊಲೀಸರು ಲಾಠಿ ಬೀಸುತ್ತಾ ನುಗ್ಗಿದರು. ಪೊಲೀಸರಿಗೂ ಪೆಟ್ಟಾಯಿತು, ಹೆಂಗಸರ ತಲೆಯೂ ಒಡೆಯಿತು. ಏಳು ಹೆಂಗಸರಿಗೆ ಬಲವಾದ ಗಾಯ ಅಂತ ಆಗಿನ ವರದಿಗಳು ಹೇಳುತ್ತವೆ. ಜೊತೆಗೆ ಬಂದಿದ್ದ ಪತ್ರಕರ್ತರು ಕಂಡದ್ದನ್ನು ಬರೆದರು. ಕೆಲವೇ ದಿನದಲ್ಲಿ ಬ್ರೇಸ್ ಹೆಸರು ಬ್ರಿಟನ್ನಿಗೆಲ್ಲ ಗೊತ್ತಾಯಿತು.

ಹೆಂಗಸರು ಮುಂದೆ ನಿಂತದ್ದನ್ನು ಎಷ್ಟೋ ಬರಹಗಳು ಒಂದು ವಿಚಿತ್ರ ಎಂಬಂತೆ ಹೇಳುತ್ತವೆ. ಮನೆಯ ಒಳಗಿನಿಂದ ಈ ಪ್ರಕರಣ ನೋಡಿದರೆ ಅದರಲ್ಲಿ ವಿಚಿತ್ರ ಏನೂ ಇಲ್ಲ. ಹಾಲು ಕರೆಯುವುದು, ಕರು ಸಾಕುವುದು, ದನ ಕಾಯುವುದು ಅವರ ಕೆಲಸ. ಹಳೆ ಕಾಲದಲ್ಲಿ ಬೇಸಿಗೆಗೆ ದನದ ಜೊತೆ ಗುಡ್ಡದ ಮೇಲಿನ ಗುಡಿಸಲಿಗೆ ಹೋಗಿ ಬೆಣ್ಣೆ, ಚೀಸ್ ಮಾಡುತ್ತಿದ್ದವರೂ ಅವರೇ. ಗುಡ್ಡ ಹೋದಾಗ ದುಪ್ಪಟ್ಟಾದದ್ದು ಅವರ ದುಡಿಮೆ. ಬೆನ್ ಲೀ ಅವರ ಗುಡ್ಡ. ಅದಕ್ಕೆ ಅವರು ಕಲ್ಲೆತ್ತಿದರು ಅಂತ ನಾನು ತಿಳಿದಿದ್ದೇನೆ.

ಹಿಡಿದ ಐವರಿಗೆ ಇನ್ವರ್ನೆಸ್‌ನಲ್ಲಿ ಜ್ಯೂರಿ ಇಲ್ಲದೆ ವಿಚಾರಣೆ ಆಯಿತು. ಇಬ್ಬರಿಗೆ 2 ಪೌಂಡ್ 10 ಶಿಲಿಂಗ್, ಮೂವರಿಗೆ 1 ಪೌಂಡ್ ದಂಡ. ಬೆಂಬಲಿಗರು ಕೂಡಲೇ ಕಟ್ಟಿದರು. ಬೇಸಿಗೆ ಬಂದಾಗ ಜನ ಬೆನ್ ಲೀಗೆ ದನ ಬಿಟ್ಟೇಬಿಟ್ಟರು. ಕೋರ್ಟಿನ ತಡೆಯಾಜ್ಞೆ ಬಂತು, ಅದನ್ನು ತಲುಪಿಸಲು ಬಂದವರನ್ನೂ ಹಿಮ್ಮೆಟ್ಟಿಸಿದರು. ಸೈನ್ಯ ಕಳಿಸಬೇಕೇ ಬೇಡವೇ ಅನ್ನೋ ಮಾತು ನಡೆಯಿತು. ಕೊನೆಗೆ 1882 ಮುಗಿಯುವ ಹೊತ್ತಿಗೆ ರಾಜಿ ಆಯಿತು. ವರ್ಷಕ್ಕೆ 74 ಪೌಂಡ್ 15 ಶಿಲಿಂಗ್ ಗೇಣಿಗೆ ಹಳ್ಳಿಯವರೇ ಬೆನ್ ಲೀ ಹಿಡಿದರು.

ನನಗೆ ಈ ರಾಜಿ ಪೂರ್ತಿ ಗೆಲುವು ಅನ್ನಿಸುವುದಿಲ್ಲ. ಹಿಂದೆ ತಮ್ಮ ಹೊಲದ ಜೊತೆಗೇ ಬಂದದ್ದು ಅಂತ ನಂಬಿದ್ದ ಗುಡ್ಡಕ್ಕೆ ಈಗ ಬೇರೆ ಗೇಣಿ ಕೊಡಬೇಕಾಯಿತು. ಆದರೂ ಹಸು ಮತ್ತೆ ಗುಡ್ಡ ಹತ್ತಿತು. ಆ ಮನೆಗಳಿಗೆ ಆ ವರ್ಷ ಅದೇ ದೊಡ್ಡದು.

ಮದ್ರಾಸಿನಿಂದ ಬಂದ ಅಧ್ಯಕ್ಷ

ಬ್ರೇಸ್‌ನ ಕಿಡಿ ಗ್ಲೆನ್‌ಡೇಲ್‌ನಂಥ ಬೇರೆ ಊರುಗಳಿಗೂ ಹಬ್ಬಿತು. 1883ರಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಸರ್ಕಾರ ಆಯೋಗ ನೇಮಿಸಿತು. ಅದರ ಅಧ್ಯಕ್ಷ ಲಾರ್ಡ್ ನೇಪಿಯರ್ ನಮಗೆ ಅಪರಿಚಿತ ಅಲ್ಲ. 1866ರಿಂದ 1872ರವರೆಗೆ ಮದ್ರಾಸ್ ಪ್ರಾಂತ್ಯದ ಗವರ್ನರ್ ಆಗಿದ್ದವರು. ಮಂಗಳೂರಿನ ಕಡೆಯ ದಕ್ಷಿಣ ಕನ್ನಡ, ಬಳ್ಳಾರಿ ಎರಡೂ ಆಗ ಅವರ ಆಡಳಿತದಲ್ಲೇ ಇದ್ದವು. ಲಾರ್ಡ್ ಮೇಯೊ ಕೊಲೆಯಾದಾಗ ಕೆಲವು ತಿಂಗಳು ಹಂಗಾಮಿ ವೈಸ್‌ರಾಯ್ ಕೂಡ ಆಗಿದ್ದರು. ರೈತ, ಕಂದಾಯ, ಹಳ್ಳಿ ಅಂದರೆ ಏನು ಅಂತ ನಮ್ಮ ಕಡೆ ಆರು ವರ್ಷ ನೋಡಿ ಹೋದ ಮನುಷ್ಯ, ಹತ್ತು ವರ್ಷದ ಮೇಲೆ ಸ್ಕೈ ದ್ವೀಪದ ಹಳ್ಳಿಯಲ್ಲಿ ಕೂತು ಗೇಲಿಕ್ ರೈತನ ಮಾತು ಕೇಳಿದ.

ಆಯೋಗದ ಆರು ಜನರಲ್ಲಿ ಭೂಮಾಲೀಕರೂ ಇದ್ದರು, ಗೇಲಿಕ್ ಬಲ್ಲವರೂ ಇದ್ದರು. ಮೊದಲ ಬೈಠಕ್ಕಿಗೆ ಬ್ರೇಸ್ ಅನ್ನೇ ಆರಿಸಿದರು. ಅಲ್ಲಿಂದ ಹೊರಟು 61 ಕಡೆ ಕೂತು 775 ಜನರ ಸಾಕ್ಷಿ ಬರೆದುಕೊಂಡರು. ಎಷ್ಟು ಹಸು, ಎಷ್ಟು ಕುರಿ, ಗೇಣಿ ಎಷ್ಟು, ಪಾಚಿ ಎಲ್ಲಿಂದ ತರುತ್ತೀರಿ, ಹಿಟ್ಟು ಎಷ್ಟು ತಿಂಗಳಿಗೆ ಸಾಲುತ್ತದೆ, ಇಂಥ ಪ್ರಶ್ನೆಗಳು ಸಾವಿರಾರು. ವಿಕ್ಟೋರಿಯಾ ಕಾಲದ ಬಡ ರೈತ ಮನೆಯ ಒಳಗಿನ ಲೆಕ್ಕ, ಅವರದೇ ಬಾಯಿಂದ, ಇಷ್ಟು ವಿವರವಾಗಿ ನಮಗೆ ಉಳಿದಿರುವುದು ಈ ಸಾಕ್ಷಿಗಳಿಂದಾಗಿಯೇ.

1884ರ ವರದಿಯಲ್ಲಿ ನೇಪಿಯರ್ ಹಳ್ಳಿಯನ್ನೇ ಒಂದು ಘಟಕವಾಗಿ ಕಾನೂನು ಗುರುತಿಸಬೇಕು, ಮೇವಿನ ನೆಲ ಹಳ್ಳಿಗೆ ಸೇರಬೇಕು ಅಂತ ಸಲಹೆ ಕೊಟ್ಟರು. ಬೆನ್ ಲೀಯ ಕತೆ ಕೇಳಿದವರಿಗೆ ಅದು ಎಷ್ಟು ಸರಿಯಾದ ಮಾತು ಅಂತ ಗೊತ್ತಾಗುತ್ತದೆ. ಆದರೆ ಅದೇ ವರದಿ, ವರ್ಷಕ್ಕೆ 6 ಪೌಂಡಿಗಿಂತ ಕಮ್ಮಿ ಗೇಣಿಯ ಚೂರು ಹಿಡುವಳಿದಾರರಿಗೆ ಭದ್ರತೆ ಕೊಡಲು ಒಪ್ಪಲಿಲ್ಲ. ಅತಿ ಬಡವರನ್ನೇ ಹೊರಗೆ ಬಿಟ್ಟ ಈ ಸಲಹೆ ನನಗೆ ಒಪ್ಪಿಗೆಯಾಗದು.

ಸರ್ಕಾರ ಕಾಯ್ದೆ ಮಾಡುವಾಗ ವರದಿಯನ್ನು ಬದಿಗಿಟ್ಟು ಐರ್ಲೆಂಡಿನ ಕಾಯ್ದೆಯ ದಾರಿ ಹಿಡಿಯಿತು. 1884ರಲ್ಲಿ ಗ್ರಾಮೀಣ ಮನೆಗಳ ಯಜಮಾನರಿಗೂ ಮತದ ಹಕ್ಕು ಸಿಕ್ಕಿತ್ತು, 1885ರ ಚುನಾವಣೆಯಲ್ಲಿ ಕ್ರಾಫ್ಟರುಗಳ ಪರ ನಿಂತವರು ಪಾರ್ಲಿಮೆಂಟಿಗೆ ಹೋಗಿದ್ದರು. 1886ರ ಜೂನ್‌ನಲ್ಲಿ ಕ್ರಾಫ್ಟರುಗಳ ಹಿಡುವಳಿ ಕಾಯ್ದೆ ಬಂತು. ಗೇಣಿ ಕಟ್ಟುತ್ತಾ ಷರತ್ತು ಪಾಲಿಸಿದರೆ ಒಕ್ಕಲೆಬ್ಬಿಸುವಂತಿಲ್ಲ. ಹಿಡುವಳಿಯನ್ನು ಮನೆಯವರಿಗೆ ಬಿಟ್ಟುಹೋಗಬಹುದು. ಬಿಟ್ಟು ಹೋಗುವಾಗ ತಾನು ಕಟ್ಟಿದ ಮನೆಗೆ, ಮಾಡಿದ ಸುಧಾರಣೆಗೆ ಪರಿಹಾರ ಕೇಳಬಹುದು. ಗೇಣಿ ಎಷ್ಟು ಅನ್ನೋದನ್ನು ಹೊಸ ಕ್ರಾಫ್ಟರ್ಸ್ ಕಮಿಷನ್ ತೀರ್ಮಾನಿಸುತ್ತದೆ. ಆ ಕಮಿಷನ್ ಊರೂರಿಗೆ ಹೋಗಿ ಗೇಣಿ ಇಳಿಸಿತು, ಹಳೆ ಬಾಕಿಯ ದೊಡ್ಡ ಭಾಗವನ್ನು ಮನ್ನಾ ಮಾಡಿತು. ಕಳೆದುಹೋದ ಜಮೀನು ಮಾತ್ರ ವಾಪಸ್ ಬರಲಿಲ್ಲ. ಹೊಲವೇ ಇಲ್ಲದ ಕೂಲಿ ಕುಟುಂಬಗಳಿಗೆ ಈ ಕಾಯ್ದೆಯಿಂದ ಏನೂ ಸಿಗಲಿಲ್ಲ. ಅವರ ಜಗಳ ಇನ್ನೂ ಹಲವು ವರ್ಷ ನಡೆಯಿತು.

ಕಾಯ್ದೆ ಬಂದ ಮೇಲೆ ಹೈಲ್ಯಾಂಡಿನ, ಅಂದರೆ ಸ್ಕಾಟ್ಲೆಂಡಿನ ಈ ಗುಡ್ಡನಾಡಿನ, ಹಳ್ಳಿಗಳಲ್ಲಿ ಮನೆಗಳೂ ಬದಲಾದವು. ಎಬ್ಬಿಸುವ ಭಯ ಇರುವವರೆಗೆ ಯಾರು ತಾನೆ ಗಟ್ಟಿ ಮನೆ ಕಟ್ಟುತ್ತಾರೆ? ನಿಧಾನಕ್ಕೆ ಗಾರೆಯ ಗೋಡೆ, ಎರಡು ತುದಿಗೆ ಚಿಮಣಿ, ಗಾಜಿನ ಕಿಟಕಿ ಬಂದವು. ಹಸುವಿಗೆ ಬೇರೆ ಕೊಟ್ಟಿಗೆ ಆಯಿತು. ಕೊಳಕು ಜನ ಅಂತ ಬರೆದು ಹೋಗಿದ್ದವರು ಆ ಹಳೆ ಮನೆಗಳಲ್ಲಿ ಕಂಡದ್ದರಲ್ಲಿ ಅರ್ಧ ಪಾಲು ಗೇಣಿದಾರನ ಭಯ.

ಪೋರ್ಟ್ರೀಯಿಂದ ಬ್ರೇಸ್‌ಗೆ ಈಗ ಒಂದು ಕಿರಿದಾದ ಡಾಂಬರು ರಸ್ತೆ ಹೋಗುತ್ತದೆ. ಆ ಇಕ್ಕಟ್ಟಿನ ಹತ್ತಿರ ರಸ್ತೆ ಬದಿಗೆ ಕಲ್ಲು ಪೇರಿಸಿ ಕಟ್ಟಿದ ಒಂದು ಸ್ಮಾರಕ ಇದೆ. 1882ರ ಏಪ್ರಿಲ್ 19ರಂದು ಬ್ರೇಸ್‌ನ ಜನ ಗೇಲಿಕ್ ನಾಡಿನ ಎಲ್ಲ ಕ್ರಾಫ್ಟರುಗಳ ಪರವಾಗಿ ಮಾಡಿದ ಹೋರಾಟ ಈ ಜಾಗದ ಹತ್ತಿರ ಮುಗಿಯಿತು ಅಂತ ಅದರ ಮೇಲೆ ಬರೆದಿದೆ. ಅಲ್ಲಿ ನಿಂತು ಮೇಲೆ ನೋಡಿದರೆ ಗುಡ್ಡದ ಇಳಿಜಾರು, ಕೆಳಗೆ ಕಡಲು. ಹೊಲದ ಹಳೆ ಏರುಮಡಿಗಳ ಗುರುತು ಆ ದಂಡೆಯಲ್ಲಿ ಹುಲ್ಲಿನಡಿ ಇನ್ನೂ ಸಾಲುಸಾಲಾಗಿ ಕಾಣುತ್ತದೆ.